ಹತ್ತು ಗಂಡಸರು ಸಿಗದ ಊರು

ಖಾನಾಪುರ
೧೪ ನವೆಂಬರ್ ೨೦೦೦

ಶ್ರೀ ಬೀರಣ್ಣ ಅವರಿಗೆ,

ನೀವು ನನ್ನನ್ನು ಕಂಡಿಲ್ಲ. ನಾನು ಮೊನ್ನೆ ಭಾನುವಾರ ನಿಮ್ಮನ್ನು ಕಂಡೆ. ಸಾಲೆಯ ಬಯಲಿನಲ್ಲಿ ನಿಮ್ಮ 'ಒಬ್ಬ ಕಡಿಮಿ' ನಾಟಕ ಮುಗಿದ ಮೇಲೆ ಹೆಗಲಿಗೆ ಟವೆಲ್ ಹಾಕಿಕೊಂಡು ವೇದಿಕೆಗೆ ಬಂದು "ಇದು ಯಹೂದಿಗಳ ಕಥಿ ಅಲ್ರಿ, ನಮ್ಮೆಲ್ಲಾರ ಕಥಿ" ಎಂದಿರಿ. ಜನ ಚಪ್ಪಾಳೆ ಹೊಡೆದರು. ನಾನು ಹೊಡೆಯಲಿಲ್ಲ. ನಾನು ಯಹೂದಿ.

ಹೌದು, ಖಾನಾಪುರದಲ್ಲಿ. ಈ ತಾಲೂಕಿಗೆ ನಾನೊಬ್ಬಳೇ. ಸರಕಾರಿ ದವಾಖಾನೆಯಲ್ಲಿ ಮೂವತ್ತಾರು ವರ್ಷ ನರ್ಸ್ ಆಗಿದ್ದು ಈ ವರ್ಷ ನಿವೃತ್ತಳಾದೆ. ನಮ್ಮ ಹಿರಿಯರು ಕೊಂಕಣದಲ್ಲಿ ಎಣ್ಣೆಗಾಣ ನಡೆಸುತ್ತಿದ್ದವರು. ಶನಿವಾರ ನಮಗೆ ದೇವರ ದಿನ, ಗಾಣ ಕಟ್ಟುತ್ತಿರಲಿಲ್ಲ, ಅದಕ್ಕೆ ಅಲ್ಲಿ ನಮಗೆ ಶನಿವಾರದ ಗಾಣಿಗರು ಎಂದೇ ಹೆಸರು. ಇಲ್ಲಿ ಆ ಹೆಸರೂ ಇಲ್ಲ. ಊರೆಲ್ಲ ನನ್ನನ್ನು ಕ್ರಿಶ್ಚನ್ ಅಂದುಕೊಂಡಿದೆ. ಡಿಸೆಂಬರ್ ಬಂತೆಂದರೆ "ಸಿಸ್ಟರಬಾಯಿ, ಕೇಕ್ ಎಲ್ಲೈತ್ರಿ?" ಎಂದು ಬಾಗಿಲಿಗೆ ಬರುತ್ತಾರೆ. ತಿದ್ದಿ ತಿದ್ದಿ ಸಾಕಾಗಿ ಬಿಟ್ಟುಬಿಟ್ಟೆ.

ನಿಮ್ಮ ನಾಟಕದಲ್ಲಿ ಹಿಟ್ಲರನ ಸೆರೆಶಿಬಿರದ ಒಂದು ಖೋಲಿ. ಹತ್ತು ಯಹೂದಿ ಗಂಡಸರು. ಅವರಲ್ಲಿ ಒಬ್ಬ ಮುದುಕ ಸಾಯುತ್ತಾನೆ. ಸತ್ತವನಿಗಾಗಿ ಹೇಳುವ ಪ್ರಾರ್ಥನೆಗೆ ಹತ್ತು ಯಹೂದಿ ಗಂಡಸರು ಕೂಡಬೇಕು. ಉಳಿದವರು ಒಂಬತ್ತು. ಆಗ ಒಬ್ಬ, "ದೇವರ ಬಂದು ನಿಂದರಲಿ, ಹತ್ತ ಆಕ್ಕೈತಿ" ಅನ್ನುತ್ತಾನೆ. ಇನ್ನೊಬ್ಬ, "ಆತ ಎಲ್ಲಾ ಕಡೆ ಇರ್ತಾನಂತ, ಇಲ್ಲೆ ಮಾತ್ರ ಬರೂದಿಲ್ಲ. ವಾಸನಿಗೆ ಹೇಸತಾನ" ಅನ್ನುತ್ತಾನೆ. ಕೊನೆಗೆ ಹೆಣವನ್ನೇ ಎತ್ತಿ ನಡುವೆ ನಿಲ್ಲಿಸಿ ಹತ್ತು ಮಾಡುತ್ತಾರೆ. ಪಹರೆಯವನು ಬಂದು ತಲೆ ಎಣಿಸಿ, ಹತ್ತು ಸರಿ ಇದೆ ಎಂದು ಹೋಗುತ್ತಾನೆ. ಹೆಣವಾದವನು ಸೀನುತ್ತಾನೆ. ಜನ ಬಿದ್ದು ಬಿದ್ದು ನಕ್ಕರು.

ಅಲ್ಲಿಯವರೆಗೆ ನಾನೂ ನಕ್ಕೆ. ಸುಳ್ಳು ಹೇಳುವುದಿಲ್ಲ. ಪಹರೆಯವನ ಲೆಕ್ಕಕ್ಕೆ ಬಂದವರು ದೇವರ ಲೆಕ್ಕಕ್ಕೆ ಬರಲಿಲ್ಲ ಎಂಬ ಮಾತು ಬರೆದ ಕೈ ದಡ್ಡ ಕೈ ಅಲ್ಲ.

ಆಮೇಲೆ ನಿಮ್ಮ ಒಂಬತ್ತು ಮಂದಿ ಪ್ರಾರ್ಥನೆ ಶುರು ಮಾಡಿದರು. "ಅಲಬಲ ಗಿಲಬಲ ಹಲಬಲ." ತಲೆ ಕುಣಿಸುತ್ತ, ಗಡ್ಡ ಜಗ್ಗುತ್ತ. ನನ್ನ ಬಾಜೂಕ್ಕೆ ಕುಳಿತ ಹೆಂಗಸು ಸೆರಗು ಬಾಯಿಗಿಟ್ಟುಕೊಂಡು ನಕ್ಕು ನನ್ನ ತೊಡೆಗೆ ಹೊಡೆದಳು. ಆ ಮಾತುಗಳು ಏನೆಂದು ನಿಮಗೆ ಗೊತ್ತಿದೆಯೆ? ಗೊತ್ತಿಲ್ಲದಿದ್ದರೆ ಗೊತ್ತಿದ್ದವರನ್ನು ಹುಡುಕಿದಿರಾ? ಸತ್ತ ಅರವತ್ತು ಲಕ್ಷ ಜನರ ಬಾಯಿಗೆ ಮಂಗನ ಮಾತು ತುರುಕಿ "ಇದು ನಮ್ಮೆಲ್ಲಾರ ಕಥಿ" ಅನ್ನಲು ನಿಮಗೆ ಅಧಿಕಾರ ಕೊಟ್ಟವರು ಯಾರು?

ಉತ್ತರ ಬೇಕು.

ಮಿಲ್ಕಾ ಪೇಣಕರ

•

ಆಟೋ ನಗರ, ಬೆಳಗಾವಿ
೨೨ ನವೆಂಬರ್ ೨೦೦೦

ಮಿಲ್ಕಾಬಾಯಿಯವರಿಗೆ ಬೀರಣ್ಣನ ನಮಸ್ಕಾರ.

ನಿಮ್ಮ ಪತ್ರವನ್ನು ಲೇಥ್ ಮಶೀನಿನ ಪಕ್ಕ ನಿಂತು ಓದಿದೆ. ಎರಡನೇ ಸಲ ಓದುವಾಗ ಮಶೀನು ಬಂದ್ ಮಾಡಿದೆ. ನಾನು ನಿಮ್ಮ ತಾಲೂಕಿನವನೇ, ಕುರಿ ಕಾಯುವ ಮನೆತನದವನು. ನೀವೊಬ್ಬರು ಅಲ್ಲಿದ್ದೀರೆಂದು ಗೊತ್ತಿರಲಿಲ್ಲ. ತಪ್ಪು. ಆದರೆ ಅಷ್ಟಕ್ಕೇ ಬಾಯಿ ಮುಚ್ಚಿಕೊಂಡು ಕೂರುವ ಜಾತಿ ನನ್ನದಲ್ಲ.

ಅಧಿಕಾರ ಯಾರು ಕೊಟ್ಟರು ಎಂದು ಕೇಳಿದ್ದೀರಿ. ಯಾರೂ ಕೊಡಲಿಲ್ಲ. ನಮಗೆ ಯಾವುದರ ಅಧಿಕಾರವನ್ನೂ ಯಾರೂ ಕೊಟ್ಟಿಲ್ಲ, ಇಪ್ಪತ್ತು ವರ್ಷದ ಚಳವಳಿಯಲ್ಲಿ ಕಸಿದುಕೊಂಡೇ ಬಂದಿದ್ದೇವೆ. ಎಂಬತ್ತೊಂಬತ್ತರಲ್ಲಿ ನಿಮ್ಮ ತಾಲೂಕಿನ ಒಂದು ಹಳ್ಳಿಯಲ್ಲೇ ಚಾದಂಗಡಿಯ ಬೇರೆ ಕಪ್ಪಿನ ಬಗ್ಗೆ ಬೀದಿನಾಟಕ ಆಡಿದೆವು. ಕೇರಿಯವರಿಗೆ ಒಂದು ಕಪ್ಪು, ಊರವರಿಗೆ ಒಂದು ಕಪ್ಪು. ಆಟ ಅರ್ಧಕ್ಕೆ ಬಂದಾಗ ಕಲ್ಲು ಬಿದ್ದವು. ನನ್ನ ಹುಬ್ಬಿನ ಮೇಲೆ ನಾಲ್ಕು ಹೊಲಿಗೆ. ಕೇಸು ಬಿದ್ದದ್ದು ನಮ್ಮ ಮೇಲೆ. ಆಮೇಲೆ ನಾನು ಯೋಚಿಸಿದೆ: ನಮ್ಮೂರಿನ ಕಥೆ ಹೇಳಿದರೆ ಕಲ್ಲು ಎಸೆಯುತ್ತಾರೆ. ದೂರ ದೇಶದ ಕಥೆ ಹೇಳಿದರೆ ಕೂತು ಕೇಳುತ್ತಾರೆ. ನಗಿಸುತ್ತಾ ನಗಿಸುತ್ತಾ ಚುಚ್ಚಬಹುದು.

ಈಗ ಇನ್ನೊಂದು ಕಡೆಯ ಕಥೆ ಕೇಳಿರಿ. ಜನವರಿಯಲ್ಲಿ ಬೆಳಗಾವಿಯ ಒಂದು ಹಾಲ್‌ನಲ್ಲಿ ಆಟ ಗೊತ್ತಾಗಿದೆ. ಹಾಲ್‌ನ ಕಾರ್ಯದರ್ಶಿ ಬಸಲಿಂಗಪ್ಪ ಎನ್ನುವ ಮನುಷ್ಯ ಮೊನ್ನೆ ಕರೆಸಿ ಕೂರಿಸಿಕೊಂಡು, "ಬೀರಣ್ಣ, ಹಿಟ್ಲರನ್ನ ಹಂಗ ಜೋಕರ್ ಮಾಡಬ್ಯಾಡ್ರಿ. ಭಾರಿ ಶಿಸ್ತಿನ ಮನಷ್ಯಾ. ಅಂಥಾವ ಒಬ್ಬಾವ ನಮ್ಮ ದೇಶಕ್ಕ ಬೇಕಿತ್ತು, ಹದಿನೈದ ದಿವಸದಾಗ ಎಲ್ಲಾ ನೆಟ್ಟಗ ಮಾಡ್ತಿದ್ದ" ಅಂದ.

"ಸಾಹೇಬ್ರ, ಅಂವ ಬಂದಿದ್ರ ನಿಮ್ಮನ್ನ ಶಿಬಿರದ ಮುಳ್ಳತಂತಿಯ ಯಾವ ಬಾಜೂಕ ನಿಂದರಸ್ತಿದ್ದ ಅಂತ ಮಾಡೀರಿ?" ಎಂದು ಕೇಳಿದೆ.

ಮುಖ ಹುಳ್ಳಗೆ ಮಾಡಿ, "ದೇವರ ಮಾತರ ತಗೀರಿ. ನಾಟಕದಾಗ ದೇವರಿಗೆ ಹೇಸತಾನ ಅಂತಾರೇನ್ರಿ?" ಅಂದ. ತೆಗೆಯುವುದಿಲ್ಲ ಎಂದು ಎದ್ದು ಬಂದೆ.

ಆ ಕಡೆ ಬಸಲಿಂಗಪ್ಪ, ಈ ಕಡೆ ನೀವು. ಇಬ್ಬರಿಗೂ ನನ್ನ ನಾಟಕದಲ್ಲಿ ಒಂದಿಷ್ಟು ಕತ್ತರಿಸಬೇಕು. ನಿಮ್ಮದನ್ನು ಕತ್ತರಿಸುತ್ತೇನೆ, ಅದು ನ್ಯಾಯ. ಆದರೆ ಆ ಜಾಗ ಖಾಲಿ ಬಿಡಲು ಆಗುವುದಿಲ್ಲ. ಪ್ರಾರ್ಥನೆಯ ಖರೇ ಮಾತುಗಳನ್ನು ಕನ್ನಡ ಅಕ್ಷರದಲ್ಲಿ ಬರೆದು ಕಳಿಸಿಕೊಡಿರಿ. ಒಂದು ಅಕ್ಷರ ತಪ್ಪದಂತೆ ಬಾಯಿಪಾಠ ಮಾಡಿಸುವ ಜವಾಬ್ದಾರಿ ನನ್ನದು.

ಜಗಳಕ್ಕೂ ಸಿದ್ಧ, ಕಲಿಯಲಿಕ್ಕೂ ಸಿದ್ಧನಾದ,
ಬೀರಣ್ಣ

•

ಖಾನಾಪುರ
೩ ಡಿಸೆಂಬರ್ ೨೦೦೦

ಬೀರಣ್ಣ ಅವರಿಗೆ,

ಹಿಟ್ಲರನ ಭಕ್ತನ ಪಕ್ಕಕ್ಕೆ ನನ್ನನ್ನು ನಿಲ್ಲಿಸಿ "ಇಬ್ಬರಿಗೂ" ಎಂದು ಒಂದೇ ಪದದಲ್ಲಿ ಕಟ್ಟಿಹಾಕಿದಿರಿ. ಆ ಸಾಲನ್ನು ಇನ್ನೊಮ್ಮೆ ಓದಿಕೊಳ್ಳಿರಿ. ನಾಚಿಕೆ ಬಂದರೆ ಮುಂದೆ ಓದಿರಿ.

ನಮ್ಮೂರಿನ ಕಥೆ ಹೇಳಿದರೆ ಕಲ್ಲು ಬೀಳುತ್ತವೆ, ಅದಕ್ಕೆ ದೂರದವರ ಕಥೆ ಆರಿಸಿಕೊಂಡೆ ಎಂದು ಬರೆದಿದ್ದೀರಿ. ಅದಕ್ಕೆ ಕನ್ನಡದಲ್ಲಿ ಹೇಡಿತನ ಅನ್ನುತ್ತಾರೆ. ನಿಮ್ಮ ಸಿಟ್ಟು ನಿಮ್ಮದು, ಅದಕ್ಕೆ ನಮ್ಮ ಹೆಣ ಯಾಕೆ ಬೇಕು? ಚಾದಂಗಡಿಯ ಆ ಬೇರೆ ಕಪ್ಪುಗಳು ಈಗ ಹೋಗಿವೆಯೆ? ಹೋಗಿಲ್ಲ, ಪ್ಲಾಸ್ಟಿಕ್ಕಿನವು ಬಂದಿವೆ. ನಾನು ವಾರಕ್ಕೊಮ್ಮೆ ನೋಡುತ್ತೇನೆ. ಹುಬ್ಬಿನ ಮೇಲೆ ನಾಲ್ಕು ಹೊಲಿಗೆ ಹಾಕಿದವಳು ನಾನೇ ಇರಬೇಕು, ಆ ವರ್ಷ ಡ್ರೆಸಿಂಗ್ ಖೋಲಿ ನನ್ನದೇ. ಎಷ್ಟೋ ಹುಬ್ಬು ಹೊಲಿದಿದ್ದೇನೆ, ಮುಖ ನೆನಪಿಲ್ಲ.

ಪ್ರಾರ್ಥನೆಯ ಮಾತು ಬರೆದು ಕಳಿಸುವುದಿಲ್ಲ. ಅದರ ಹೆಸರನ್ನೂ ಬರೆಯುವುದಿಲ್ಲ. ಒಂದು ವಿಷಯ ಮಾತ್ರ ಹೇಳುತ್ತೇನೆ: ಅದರಲ್ಲಿ ಸಾವಿನ ಸುದ್ದಿಯೇ ಇಲ್ಲ. ಸತ್ತವನ ಹೆಸರಿಲ್ಲ, ದುಃಖ ಎಂಬ ಶಬ್ದ ಇಲ್ಲ. ಮೊದಲಿನಿಂದ ಕೊನೆಯವರೆಗೆ ದೇವರ ಹೊಗಳಿಕೆ. ಅಪ್ಪನನ್ನು ಮಣ್ಣಿಗಿಟ್ಟು ಬಂದವರು ಎದ್ದು ನಿಂತು ದೇವರನ್ನು ಹೊಗಳಬೇಕು. ಇದಕ್ಕಿಂತ ಕಪ್ಪು ನಗೆಯ ನಾಟಕ ನಿಮ್ಮ ಕೈಯಿಂದ ಬರೆಯಲು ಸಾಧ್ಯವಿಲ್ಲ.

ನನ್ನ ಅಪ್ಪ ಹನೋಕ್ ಪೇಣಕರ ಇಲ್ಲಿಯ ರೇಲ್ವೆ ಸ್ಟೇಶನ್ನಿನಲ್ಲಿ ಅಸಿಸ್ಟಂಟ್ ಮಾಸ್ತರ. ಎಪ್ಪತ್ತೊಂದರ ಜುಲೈಯಲ್ಲಿ ತೀರಿಕೊಂಡ. ಮುಂಬೈಗೆ ತಾರು ಕೊಟ್ಟೆ. ಘಟ್ಟದಲ್ಲಿ ಗುಡ್ಡ ಕುಸಿದು ಗಾಡಿ ನಿಂತಿದ್ದವು. ನಮ್ಮಲ್ಲಿ ಹೆಣವನ್ನು ಬಹಳ ಹೊತ್ತು ಇಡುವಂತಿಲ್ಲ. ಪುಣೆಯಿಂದ ಕಾಕಾ, ಹುಬ್ಬಳ್ಳಿಯ ರೇಲ್ವೆಯಲ್ಲಿದ್ದ ಇಬ್ಬರು, ಹೀಗೆ ಬಂದು ಮುಟ್ಟಿದ ನಮ್ಮವರು ಮೂರು ಗಂಡಸರು. ಊರಿನವರು ನೂರಾರು ಮಂದಿ ನೆರೆದಿದ್ದರು, ಹಮಾಲರು, ಗ್ಯಾಂಗಿನವರು, ಪೋರ್ಟರರು. ಎಲ್ಲರೂ ಅತ್ತರು. ಆದರೆ ಹತ್ತಕ್ಕೆ ಏಳು ಕಡಿಮೆ. ಕ್ರಿಶ್ಚನ್ನರ ಸ್ಮಶಾನದ ಗೋಡೆಯ ಹೊರಗೆ ಒಂದು ಮೂಲೆ ಕೊಟ್ಟರು, ಅಲ್ಲಿಟ್ಟೆವು. ಪ್ರಾರ್ಥನೆ ಹೇಳಲಿಲ್ಲ. ಮೂರೂ ಗಂಡಸರು ಟೊಪ್ಪಿಗೆ ಸರಿಮಾಡಿಕೊಂಡು ಮನೆಗೆ ಬಂದರು. ಆಮೇಲೆ ಕಾಕಾ ಮುಂಬೈಯ ಪ್ರಾರ್ಥನಾಮಂದಿರದಲ್ಲಿ ಹೇಳಿದನಂತೆ. ಅಂತೆ.

ನೀವು ಹಾಸ್ಯ ಎಂದು ಬರೆದದ್ದು ನನ್ನ ಮನೆಯಲ್ಲಿ ನಡೆದಿದೆ. ನಮ್ಮಲ್ಲಿ ಹೆಣ ಸೀನಲಿಲ್ಲ, ಅಷ್ಟೇ ಫರಕು.

ಮಿಲ್ಕಾ ಪೇಣಕರ

•

ಆಟೋ ನಗರ
೧೯ ಡಿಸೆಂಬರ್ ೨೦೦೦

ಬಾಯಿಯವರಿಗೆ,

ನಾಚಿಕೆ ಬಂತು. ಮುಂದೆ ಓದಿದೆ.

ನಿಮ್ಮ ಪತ್ರವನ್ನು ತಾಲೀಮಿನಲ್ಲಿ ಎಲ್ಲರೆದುರಿಗೆ ಓದಿದೆ. ಹೆಣದ ಪಾತ್ರದ ಮುತ್ತಪ್ಪ ಲಾರಿಗಳ ಡೆಂಟಿಂಗ್ ಕೆಲಸದವನು, ಎಂಥ ಮಾತಿಗೂ ನಗುವವನು. ಅವನೇ ಎದ್ದು, "ಬೀರಣ್ಣಾ, ಏಳ ಮಂದಿ ಕಡಿಮಿ ಬಿದ್ದಾರಲ್ಲೋ ಪಾಪ. ನಾವ ಹತ್ತ ಮಂದಿ ಅದೀವಿ. ಹೋಗೂಣು ನಡಿ. ಆ ಹಿರ್ಯಾನ ಗೋರಿ ಮುಂದ ನಿಂದರೂಣು. ಮೂವತ್ತ ವರ್ಷಾ ಆದ್ರೂ ಆಗವಲ್ಲದ್ಯಾಕ" ಅಂದ. ಎಲ್ಲರೂ ಹೂಂ ಅಂದರು.

ಹಾಗಾಗಿ ಕೇಳುತ್ತಿದ್ದೇನೆ. ಹೊಸ ವರ್ಷದ ಮೊದಲ ಭಾನುವಾರ ಒಂದು ಟೆಂಪೋ ಮಾಡಿಕೊಂಡು ಬರುತ್ತೇವೆ. ನಟರಲ್ಲಿ ಬರಲಾಗುವವರು ಒಂಬತ್ತು ಮಂದಿ, ಹತ್ತನೆಯವನು ನಾನು. ನೀವು ಒಬ್ಬ ಗುರುವನ್ನು ಕರೆಸಿ, ಇಲ್ಲವೆ ನೀವೇ ಹೇಳಿಕೊಡಿರಿ, ನಾವು ಹಿಂದಿನಿಂದ ಅನ್ನುತ್ತೇವೆ. ನಾಟಕಕ್ಕೆ ಬಳಸುವುದಿಲ್ಲ. ಆಣೆ ಮಾಡುವ ಮನುಷ್ಯ ನಾನಲ್ಲ, ಮಾತು ಕೊಡುತ್ತೇನೆ. ಜಾತಿ ಧರ್ಮ ಬಿಟ್ಟು ಹತ್ತು ಜನ ಮನುಷ್ಯರು ಒಬ್ಬ ಮನುಷ್ಯನ ಗೋರಿಯ ಎದುರು ನಿಂತರೆ, ಯಾವ ದೇವರು ಲೆಕ್ಕ ತಪ್ಪಿತು ಅನ್ನುತ್ತಾನೋ ನೋಡೋಣ.

ನಿಮ್ಮ ಒಂದು ಕಾರ್ಡಿನ ದಾರಿ ಕಾಯುವ,
ಬೀರಣ್ಣ

•

ಖಾನಾಪುರ
೨೬ ಡಿಸೆಂಬರ್ ೨೦೦೦

ಬೀರಣ್ಣ ಅವರಿಗೆ,

ಬರಬೇಡಿರಿ.

ನನ್ನ ಅಪ್ಪನ ಗೋರಿ ನಿಮ್ಮ ರಂಗಸ್ಥಳ ಅಲ್ಲ. ಟೆಂಪೋ ಮಾಡಿಕೊಂಡು ಬಂದು, ನಿಂತು, ಕಣ್ಣು ಒರೆಸಿಕೊಂಡು, ಹೋಗುವಾಗ ದಾರಿಯಲ್ಲಿ ಭಜಿ ತಿಂದು ಮನೆ ಸೇರುತ್ತೀರಿ. ನಿಮ್ಮ ಮನಸ್ಸು ಹಗುರಾಗುತ್ತದೆ. ನನ್ನದು ಏನಾಗಬೇಕು?

ಮುತ್ತಪ್ಪನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೆ ತಿಳಿದದ್ದನ್ನು ಅವನು ಅಂದ. ಸಿಟ್ಟು ನಿಮ್ಮ ಮೇಲೆ. ಇಪ್ಪತ್ತು ವರ್ಷ ಚಳವಳಿ ಮಾಡಿದ ಮನುಷ್ಯ, ಬರೆಯುವ ಮನುಷ್ಯ. ನನ್ನ ಪತ್ರದಲ್ಲಿ ಮೂರು ಗಂಡಸರು ಬಂದರು ಎಂದು ಓದಿದಿರಿ. ನೂರಾರು ಹಮಾಲರು ಅತ್ತರು ಎಂದು ಓದಿದಿರಿ. ಏಳು ಕಡಿಮೆ ಎಂದು ಓದಿ ಹತ್ತು ಗಂಡಸರನ್ನು ಕೂಡಿಸಿದಿರಿ. ಅಲ್ಲಿ ನಾನು ಇದ್ದೆ, ಬೀರಣ್ಣ. ಇಪ್ಪತ್ತೊಂಬತ್ತು ವರ್ಷದ ಮಗಳು, ಗೋರಿಯ ತಲೆದಿಕ್ಕಿನಲ್ಲಿ ನಿಂತಿದ್ದೆ. ಕಾಕಾ ಕಣ್ಣಿನಲ್ಲೇ ಎಣಿಸಿದ. ತಾನು, ಆತ, ಈತ. ಆತನ ಕಣ್ಣು ನನ್ನ ಮೇಲೆ ಬಂತು, ನಿಲ್ಲದೆ ದಾಟಿ ಹಿಂದಿನ ಗೋಡೆಗೆ ಹೋಯಿತು. ನಮ್ಮಲ್ಲಿ ಹೆಂಗಸನ್ನು ಆ ಹತ್ತರಲ್ಲಿ ಹಿಡಿಯುವುದಿಲ್ಲ.

ಗಂಡು ಮಕ್ಕಳಿಲ್ಲದ ಅಪ್ಪ. ಮಧ್ಯಾಹ್ನದ ಗಾಡಿ ಹೋದ ಮೇಲೆ ಸಂಜೆಯ ಗಾಡಿ ಬರುವತನಕ ಸ್ಟೇಶನ್ನಿನ ಬೆಂಚಿನ ಮೇಲೆ ಕೂರಿಸಿಕೊಂಡು ನನಗೆ ಹೀಬ್ರೂ ಅಕ್ಷರ ಕಲಿಸಿದ. ಆ ಪ್ರಾರ್ಥನೆ ಪೂರಾ ಕಲಿಸಿದ. "ಇರಲಿ ಮಿಲ್ಕೂ, ಯಾವಾಗರ ಬೇಕಾಗತೈತಿ" ಅಂದಿದ್ದ. ಯಾರಿಗೆ ಬೇಕಾಗುತ್ತದೆ ಎಂದು ಆತನಿಗೂ ಗೊತ್ತಿತ್ತು, ನನಗೆ ಹೇಳಲು ಬಿಡುವುದಿಲ್ಲವೆಂದೂ ಗೊತ್ತಿತ್ತು. ಆ ದಿನ ಅಲ್ಲಿ ಇದ್ದವರಲ್ಲಿ ಅದು ತಡೆಯಿಲ್ಲದೆ ಬರುತ್ತಿದ್ದದ್ದು ನನಗೊಬ್ಬಳಿಗೇ. ಹುಬ್ಬಳ್ಳಿಯವರಿಗೆ ಪುಸ್ತಕ ಬೇಕು. ಮೂರು ಗಂಡಸರು ಕೈಕಟ್ಟಿ ನಿಂತರು, ನಾನು ಬಾಯಿ ಕಟ್ಟಿ ನಿಂತೆ.

ನಿಮ್ಮ ನಾಟಕದ ಆ ಒಂಬತ್ತು ಮಂದಿಗೆ ದೇವರು ನೆನಪಾದ. ಹೆಣ ನೆನಪಾಯಿತು. ಆ ಶಿಬಿರಗಳಲ್ಲಿ ತಂತಿಯ ಆಚೆ ಹೆಂಗಸರೂ ಇದ್ದರು. ಸತ್ತ ಮುದುಕನಿಗೆ ಒಬ್ಬ ಮಗಳು ಇರಬಹುದೆಂದು ನಿಮಗೂ ನೆನಪಾಗಲಿಲ್ಲ, ನಿಮ್ಮ ಯಹೂದಿಗಳಿಗೂ ನೆನಪಾಗಲಿಲ್ಲ. ಸತ್ತವನನ್ನು ಎತ್ತಿ ನಿಲ್ಲಿಸಿಯಾದರೂ ಹತ್ತು ಮಾಡುತ್ತೀರಿ, ಬದುಕಿದವಳ ಕಡೆ ನೋಡುವುದಿಲ್ಲ. ಇದೊಂದರಲ್ಲಿ ಮಾತ್ರ ನಿಮ್ಮ ನಾಟಕ ನೂರಕ್ಕೆ ನೂರು ಖರೇ.

ಇನ್ನು ಬರೆಯಬೇಡಿರಿ.

ಮಿಲ್ಕಾ ಪೇಣಕರ

•

ಆಟೋ ನಗರ
೧೧ ಫೆಬ್ರುವರಿ ೨೦೦೧

ಬಾಯಿಯವರಿಗೆ,

ಬರೆಯಬೇಡ ಅಂದಿದ್ದಿರಿ. ಒಂದೂವರೆ ತಿಂಗಳು ಬರೆಯಲಿಲ್ಲ. ಈಗ ಬರೆಯದಿದ್ದರೆ ಅದೂ ಹೇಡಿತನ ಆಗುತ್ತದೆ.

ನಿಮ್ಮ ಕೊನೆಯ ಪತ್ರವನ್ನು ನಾನು ಯಾರಿಗೂ ತೋರಿಸಲಿಲ್ಲ. ಪೆಟ್ಟಿಗೆಯಲ್ಲಿ ಇಟ್ಟಿದ್ದೆ. ಮನಿಷಾಳಿಗೆ ಸಿಕ್ಕಿತು. ಮನಿಷಾ ನನ್ನ ತಂಗಿಯ ಮಗಳು, ಖಾಸಬಾಗದಲ್ಲಿ ಇರುತ್ತಾಳೆ, ಮೂರು ವರ್ಷದಿಂದ ನಮ್ಮ ತಂಡದಲ್ಲಿ ಹಿಂದೆ ನಿಂತು ಮಾತು ಎತ್ತಿಕೊಡುವ ಕೆಲಸ. ತಾಲೀಮಿನ ನಡುವೆ ಪತ್ರ ಹಿಡಿದುಕೊಂಡು ಬಂದಳು.

"ಮಾಮಾ, ಇದನ್ನ ನೀ ಓದೀ ಏನು?"

"ಓದೀನಿ."

"ಹಂಗಾರ ಆವತ್ತ ಗೋರಿಗೆ ಹೋಗಾಕ ಹತ್ತ ಮಂದಿ ಎಣಿಸಿದೆಲ್ಲ, ಅದರಾಗ ನಾ ಇದ್ನೇನು?"

ಮುತ್ತಪ್ಪ, "ನೀನೂ ಬರಾಕಿದ್ದೆಲ್ಲವಾ ಟೆಂಪೋದಾಗ" ಅಂದ.

"ಬರಾಕಿದ್ನಿ. ಚಾದ ಥರ್ಮಾಸ್ ಹಿಡಕೊಂಡ ಬಾ ಅಂದಿದ್ದ ಮಾಮಾ. ಎಣಿಸಿರಲಿಲ್ಲ. ಮೂರ ವರ್ಷ ಆತು, ನಿಮ್ಮ ಹತ್ತೂ ಮಂದಿ ಮಾತ ನನಗ ಬಾಯಾಗ ಅದಾವು. ನೀವು ಮರತಾಗ ಹಿಂದಿಂದ ಪಿಸುಪಿಸು ಅಂತ ಹೇಳಿ ಮಾನಾ ಕಾಯಾಕಿ ನಾನು. ಆ ಹೆಣದ ಪಾತ್ರಾನೂ ನನಗ ಕೊಡಲಿಲ್ಲಲ್ಲೋ ನೀ. ಅದಕ್ಕ ಮಾತರ ಎಲ್ಲದಾವು? ಸೀನೂದೊಂದ!"

ಯಾರೂ ನಗಲಿಲ್ಲ. ಮುತ್ತಪ್ಪನೂ ನಗಲಿಲ್ಲ. ಅವಳು ಪತ್ರವನ್ನು ನನ್ನ ಕೈಗೆ ತುರುಕಿ ಹೋದಳು. ನಾಲ್ಕು ದಿನ ತಾಲೀಮಿಗೆ ಬರಲಿಲ್ಲ. ನಾಲ್ಕು ದಿನ ಗಂಡಸರೆಲ್ಲ ಮಾತು ಮರೆತು ಮರೆತು ಒಬ್ಬರ ಮುಖ ಒಬ್ಬರು ನೋಡಿದೆವು.

ನಾನು ಹುಟ್ಟಿದ ಓಣಿಯಲ್ಲಿ ನಮ್ಮ ಮನೆದೇವರು ಬೀರಪ್ಪನ ಗುಡಿ ಇದೆ. ನನ್ನವ್ವ ಸಾಯುವತನಕ ಅದರ ಅಂಗಳ ಸಾರಿಸಿದಳು, ಒಳಗೆ ಹೋಗಲಿಲ್ಲ. ನಾನು ಊರೂರಿಗೆ ಹೋಗಿ ಕೇರಿಯವರಿಗೆ ಗುಡಿ ಬಾಗಿಲು ತೆರೆಯಿರಿ ಎಂದು ಕೂಗಿದವನು. ಅವ್ವ ಯಾಕೆ ಅಂಗಳದಲ್ಲೇ ನಿಲ್ಲುತ್ತಿದ್ದಳು ಎಂದು ಒಂದು ದಿನವೂ ಕೇಳಲಿಲ್ಲ. ಇದನ್ನು ನಿಮಗೆ ಒಪ್ಪಿಸಿ ಹಗುರಾಗಲು ಬರೆಯುತ್ತಿಲ್ಲ. ಹಗುರಾಗಿಲ್ಲ.

ನಾಟಕದ ಕೊನೆಯನ್ನು ಒಡೆದು ಹೊಸದಾಗಿ ಬರೆದೆ. ತಂತಿಯಾಚೆ ಸತ್ತವನ ಮಗಳು ಬಂದು ನಿಲ್ಲುತ್ತಾಳೆ. ಪಾತ್ರ ಮನಿಷಾಳದು. ಅಲಬಲ ಗಿಲಬಲ ತೆಗೆದೆ. ಆ ಜಾಗದಲ್ಲಿ ಒಂದು ಮಾತೂ ಇಲ್ಲ. ನಿಮ್ಮ ಮಾತು ನಿಮ್ಮಲ್ಲೇ ಇರಲಿ.

ಹಾಲ್ ಹೋಯಿತು. "ಕಮಿಟಿಯವರಿಗೆ ಮನಸಿಲ್ಲರಿ" ಅಂದ ಬಸಲಿಂಗಪ್ಪ. ಅವನೇ ಕಮಿಟಿ. ಹೋಗಲಿ, ಇಲ್ಲಿ ಲಾರಿ ಬಾಡಿ ಕಟ್ಟುವ ಭರಮಣ್ಣ ತನ್ನ ಶೆಡ್ಡು ಕೊಟ್ಟಿದ್ದಾನೆ. ಅರ್ಧ ಕಟ್ಟಿ ನಿಲ್ಲಿಸಿದ ಒಂದು ಲಾರಿಯ ಬಾಡಿಯೇ ನಮ್ಮ ಸೆರೆಖೋಲಿ. ಮಾರ್ಚ್ ೧೧, ಭಾನುವಾರ, ಮಧ್ಯಾಹ್ನ ನಾಲ್ಕಕ್ಕೆ ಆಟ. ಬರ್ರಿ ಎಂದು ಕರೆಯುವ ಮುಖ ನನಗಿಲ್ಲ. ತಿಳಿಸುವುದು ಕರ್ತವ್ಯ, ತಿಳಿಸಿದೆ.

ಬೀರಣ್ಣ

•

ಖಾನಾಪುರ
೧೩ ಮಾರ್ಚ್ ೨೦೦೧

ಬೀರಣ್ಣಾ,

ಇನ್ನು ನೀನು ಎಂದೇ ಬರೆಯುತ್ತೇನೆ. ಬಹುವಚನದಲ್ಲಿ ಬೈಯುವುದು ತ್ರಾಸಾಗುತ್ತದೆ.

ಬಂದಿದ್ದೆ. ಕೊನೆಯ ಸಾಲಿನಲ್ಲಿ, ಟೈರುಗಳ ಮೇಲೆ ಹಲಗೆ ಹಾಕಿದ್ದಿರಲ್ಲ, ಅಲ್ಲಿ ಕುಳಿತಿದ್ದೆ. ನನ್ನ ಮುಂದೆ ಗ್ರೀಸು ಮೆತ್ತಿದ ಅಂಗಿಯ ಮೆಕ್ಯಾನಿಕ್ಕರು. ಮುತ್ತಪ್ಪ ಸೀನಿದಾಗ ಅವರು ಶೆಡ್ಡಿನ ಪತ್ರಾಸ ತಗಡಿನ ಗೋಡೆ ಬಡಿದು ನಕ್ಕರು, ನಾನೂ ನಕ್ಕೆ. ತಂತಿಯಾಚೆ ಮನಿಷಾ ಬಂದು ನಿಂತಾಗ ಒಬ್ಬ ಸಿಳ್ಳೆ ಹೊಡೆದ. ಅವಳು ಅವನ ಕಡೆ ಒಮ್ಮೆ ನೋಡಿದಳು. ಮತ್ತೆ ಅವನ ಸದ್ದಿಲ್ಲ. ಆ ಹುಡುಗಿಯನ್ನು ಮೂರು ವರ್ಷ ಪರದೆಯ ಹಿಂದೆ ನಿಲ್ಲಿಸಿದ್ದಕ್ಕೆ ನಿನಗೆ ಏನು ಶಿಕ್ಷೆ ಕೊಡಬೇಕೋ ನನಗೆ ತಿಳಿಯದು.

ಆಮೇಲೆ ನೀನು ಮಾಡಬಾರದ್ದನ್ನು ಮಾಡಿದೆ. ಒಂಬತ್ತು ಮಂದಿ ಜಗಳ ಆಡುತ್ತಾರೆ, ಒಬ್ಬ ಅಳುತ್ತಾನೆ, ಇನ್ನೊಬ್ಬ ಭಾಷಣ ಮಾಡುತ್ತಾನೆ, ತಂತಿ ಎತ್ತಿ ಮಗಳನ್ನು ಒಳಗೆ ಕರೆಯುತ್ತಾರೆ. "ನೀ ಬಂದಿ, ಹತ್ತ ಆತು." ದೀಪ, ಡೊಳ್ಳು, ಚಪ್ಪಾಳೆ. ಸುಳ್ಳು! ಹಸಿ ಸುಳ್ಳು! ನಿಮ್ಮ ಚಳವಳಿಯವರ ನಾಟಕ ಎಲ್ಲಾ ಹೀಗೇ, ಕೊನೆಗೆ ಒಂದು ಮುಷ್ಟಿ ಮೇಲೇಳಬೇಕು, ನೋಡಿದವರು ಎದೆಯುಬ್ಬಿಸಿಕೊಂಡು ಮನೆಗೆ ಹೋಗಬೇಕು. ಯಾರು ಕರೆದರು ನನ್ನನ್ನು? ಯಾವ ಗಂಡಸು ತಂತಿ ಎತ್ತಿದ? ಆ ಒಂಬತ್ತು ಮಂದಿ ಆಕೆಯನ್ನು ಕರೆಯುವುದಿಲ್ಲ. ಬೆಳಗಾದರೆ ತಾವೂ ಸಾಯುತ್ತೇವೆಂದು ಗೊತ್ತಿದ್ದರೂ ಕರೆಯುವುದಿಲ್ಲ. ನಿನ್ನ ಅವ್ವನನ್ನು ನೀನು ಕರೆದೆಯಾ? ಅದನ್ನು ತೋರಿಸುವ ಧೈರ್ಯ ಇದ್ದರೆ ತೋರಿಸು. ಜನ ಚಪ್ಪಾಳೆ ಹೊಡೆಯದೆ ಎದ್ದು ಹೋಗಲಿ, ಕಲ್ಲು ಎಸೆದರೆ ಎಸೆಯಲಿ. ಹೊಲಿಯಲು ನಾನು ಇನ್ನೂ ಜೀವಂತ ಇದ್ದೇನೆ.

ಅವರು ಕರೆಯುವ ಮೊದಲು ಒಂದು ಗಳಿಗೆ ಇತ್ತಲ್ಲ. ಮನಿಷಾ ತಂತಿ ಹಿಡಿದು ನಿಂತು ಬಾಯಿ ಅಲುಗಿಸಿದಳು, ದನಿ ಹೊರಡಲಿಲ್ಲ. ಅದನ್ನು ನೀನು ಹೇಳಿಕೊಟ್ಟೆಯೋ ಅವಳೇ ಮಾಡಿದಳೋ, ಅವಳದೇ ಇರಬೇಕು. ಅಲ್ಲಿ ನನಗೆ ನೆತ್ತಿ ಕುದಿಯಿತು. ಮೂವತ್ತು ವರ್ಷ ನಾನು ಮಾಡಿದ್ದು ಅದನ್ನೇ. ಪ್ರತಿ ವರ್ಷ ಜುಲೈಯಲ್ಲಿ ಗೋರಿಯ ಮುಂದೆ ನಿಂತು ತುಟಿ ಅಲುಗಿಸಿ ಬಂದಿದ್ದೇನೆ. ಯಾರು ಕೇಳಿಸಿಕೊಂಡಾರು ಎಂದು ಹೆದರಿದ್ದು? ಆಚೆ ಗೋಡೆ, ಈಚೆ ಎಮ್ಮೆ. ಕಾಕಾ ಸತ್ತು ಇಪ್ಪತ್ತು ವರ್ಷ ಆಯಿತು. ನಿನ್ನ ಗಂಡಸರನ್ನು ಸುಳ್ಳುಗಾರರು ಎಂದು ಬೈಯುತ್ತ ಬಸ್ಸು ಹತ್ತಿದೆ. ಬಸ್ಸು ಮಚ್ಛೆ ಊರು ದಾಟುವಷ್ಟರಲ್ಲಿ ಬೈಗುಳ ತಿರುಗಿ ನನಗೇ ಬಡಿಯತೊಡಗಿತು.

ನಿನ್ನೆ ಬೆಳಿಗ್ಗೆ ಹೋದೆ. ಜುಲೈ ಅಲ್ಲ, ಏನೂ ಅಲ್ಲ, ಸೋಮವಾರ. ತಲೆಗೆ ಸೆರಗು ಹೊದ್ದು ನಿಂತು ದನಿ ತೆಗೆದು ಶುರು ಮಾಡಿದೆ. ನಾಲ್ಕನೇ ಸಾಲಿಗೆ ತಡವರಿಸಿದೆ. ಮರೆತಿತ್ತು, ಬೀರಣ್ಣಾ. ನನಗೆ, ಮಿಲ್ಕಾಗೆ, ಮರೆತಿತ್ತು! ಬಾಯಲ್ಲಿ ಆಡದ ಮಾತು ತಲೆಯಲ್ಲಿ ಎಷ್ಟು ವರ್ಷ ಉಳಿದೀತು? ಎಷ್ಟು ಸಿಟ್ಟು ಬಂತೆಂದರೆ ಕಾಲಿನಿಂದ ನೆಲ ಒದ್ದೆ. ದೇವರ ಹೊಗಳಿಕೆಯನ್ನು ಅಷ್ಟು ಸಿಟ್ಟಿನಲ್ಲಿ ಹೇಳಿದವರು ಯಾರೂ ಇರಲಿಕ್ಕಿಲ್ಲ. ಮತ್ತೆ ಮೊದಲಿನಿಂದ ಹೇಳಿದೆ. ಮತ್ತೆ ಅಲ್ಲೇ ಸಿಕ್ಕಿಬಿತ್ತು. ಮೂರನೇ ಸಲ ಚೀರಿದೆ ಎಂದೇ ಅನ್ನಬೇಕು.

ಸ್ಮಶಾನ ಕಾಯುವ ಲಕ್ಷ್ಮಪ್ಪ ಗೋಡೆ ಸುತ್ತಿ ಓಡಿ ಬಂದ.

"ಯಾಕ್ರಿ ಸಿಸ್ಟರಬಾಯಿ? ಯಾರಿಗಿ ಬೈಯಾಕತ್ತೀರಿ?"

"ನಿಂದರ, ಇನ್ನೂ ಮುಗದಿಲ್ಲ" ಎಂದೆ.

ಮಿಲ್ಕಾ ಹನೋಕ್ ಪೇಣಕರ